ತಂತಿ ಮತ್ತು ಲಿಪಿ: ದೂರದವರ ಸಂಪರ್ಕದ ಇತಿವೃತ್ತ

ಮುಖ ಕಾಣದವರು ದೂರದಿಂದ ವ್ಯವಹರಿಸುವುದು ಹೊಸ ಸಂಗತಿಯಲ್ಲ. ಹಿಂದೆ ಒಂದು ಪಟ್ಟಣದ ಸಾಹುಕಾರನು ಬರೆದ ಹುಂಡಿಯು ಮತ್ತೊಂದು ಪಟ್ಟಣದಲ್ಲಿ ಸಲ್ಲುತ್ತಿದ್ದಿತು. ಅದನ್ನು ತಂದವನ ಪರಿಚಯ ಅಲ್ಲಿಯವರಿಗೆ ಇರಲೇಬೇಕೆಂದಿರಲಿಲ್ಲ. ಕಾಗದದ ಮೇಲಣ ಸಂಕೇತವನ್ನು ಉಭಯತರೂ ಒಂದೇ ಬಗೆಯಾಗಿ ಓದಿದರೆ ಸಾಕಾಗಿದ್ದಿತು. ಅಂತರಜಾಲದ ಚರಿತ್ರೆಯನ್ನು ಪರಿಶೀಲಿಸಿದರೂ ಇದೇ ತತ್ತ್ವವು ಗೋಚರವಾಗುತ್ತದೆ. ಅಪರಿಚಿತರನ್ನು ಕೂಡಿಸಿದುದು ಬರಿಯ ತಂತಿಯಲ್ಲ. ಸಂಕೇತಗಳನ್ನು ಕುರಿತ ಒಡಂಬಡಿಕೆ.

1969ನೆಯ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಗೆ ಆರ್ಪಾನೆಟ್ ಜಾಲದ ಮೊದಲ ಸಂದೇಶವು ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲೆರಡು ಇಂಗ್ಲಿಷ್ ಅಕ್ಷರಗಳು ತಲಪುವಷ್ಟರಲ್ಲಿಯೇ ಯಂತ್ರವು ನಿಂತುಹೋಯಿತು. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬವರು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಇ-ಮೇಲ್ ಕಳುಹಿಸುವ ವಿಧಾನವನ್ನು ರೂಪಿಸಿದರು. 1983ನೆಯ ಜನವರಿ 1ರಂದು ಆ ಜಾಲವು ಟಿಸಿಪಿ/ಐಪಿ ಎಂಬ ಸಮಾನ ನಿಯಮಾವಳಿಯನ್ನು ಅಂಗೀಕರಿಸಿತು. ಭಿನ್ನ ಭಿನ್ನ ಜಾಲಗಳು ಒಂದಾಗುವುದಕ್ಕೆ ಇದರಿಂದ ಮಾರ್ಗವಾಯಿತು. ನಮ್ಮ ದೇಶದಲ್ಲಿ 1986ರಲ್ಲಿ ಪ್ರಾರಂಭವಾದ ಎರ್ನೆಟ್ ಯೋಜನೆಯು ವಿದ್ಯಾಸಂಸ್ಥೆಗಳನ್ನು ಜೋಡಿಸಿತು. 1995ನೆಯ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು.

ತಂತಿಯೇನೋ ಬಂದಿತು, ಕನ್ನಡ ಲಿಪಿಯು ಅದರ ಜೊತೆಯಲ್ಲಿಯೇ ಬರಲಿಲ್ಲ. ಹೊರನಾಡಿನ ಕನ್ನಡಿಗನು ತನ್ನ ಮಾತನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕಾಯಿತು. ಓದುವವನು ‘ಹಳ್ಳಿ’ಯೋ ‘ಹಲ್ಲಿ’ಯೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕಾಗಿದ್ದಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶವು ಬಂದು, ಮನೆಯ ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವುದು ಸುಲಭವಾಯಿತು. ಆದರೆ ಆಗಿನ ಕನ್ನಡ ತಂತ್ರಾಂಶಗಳು ಅಕ್ಷರಗಳಿಗೆ ಕೊಟ್ಟಿದ್ದ ಸಂಕೇತಸಂಖ್ಯೆಗಳು ಒಂದೇ ಆಗಿರಲಿಲ್ಲ. ಆದುದರಿಂದ ಬರೆದವನ ಫಾಂಟು ಓದುವವನಲ್ಲಿ ಇಲ್ಲದಿದ್ದರೆ ಪತ್ರವು ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತಿದ್ದಿತು.

ಇದಕ್ಕೆ ಪರಿಹಾರವು ಮೊದಲೇ ಸಿದ್ಧವಾಗಿದ್ದಿತೆಂಬುದು ಗಮನಾರ್ಹ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದುವು. ಆದರೆ ಒಡಂಬಡಿಕೆ ಆಗುವುದು ಬೇರೆ, ಅದು ಆಚರಣೆಗೆ ಬರುವುದು ಬೇರೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಯೂನಿಕೋಡ್ ಫಾಂಟು ಸೇರಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅಲ್ಲಿ ಒಬ್ಬನು ತೊಡಗಿದ ಲೇಖನವನ್ನು ಅವನು ಕಂಡರಿಯದ ಮತ್ತೊಬ್ಬನು ತಿದ್ದುತ್ತಾನೆ, ಮೂರನೆಯವನು ಪೂರ್ಣಗೊಳಿಸುತ್ತಾನೆ. ಅವರನ್ನು ಕೂಡಿಸುವುದು ಊರಲ್ಲ, ಬಂಧುತ್ವವಲ್ಲ, ಲಿಪಿಯೊಂದೇ.

ಈ ಇತಿವೃತ್ತದಿಂದ ಹೊರನಾಡಿನ ಕನ್ನಡಿಗರು ತಿಳಿಯಬೇಕಾದುದೊಂದುಂಟು. ರೋಮನ್ ಅಕ್ಷರಗಳಲ್ಲಿ ಕನ್ನಡವನ್ನು ಬರೆಯುವುದು ಒಂದು ಕಾಲಕ್ಕೆ ಯಂತ್ರದ ನಿರ್ಬಂಧವಾಗಿದ್ದಿತು. ಇಂದು ಅದು ಬಹುಮಟ್ಟಿಗೆ ಅಭ್ಯಾಸ. ಮನೆಯಲ್ಲಿ ಮಾತು ಉಳಿದು ಲಿಪಿಯು ಮಕ್ಕಳಿಗೆ ಅಪರಿಚಿತವಾದರೆ, ಯಂತ್ರಗಳ ನಡುವಣ ಒಡಂಬಡಿಕೆಯಿಂದ ಅವರಿಗಾಗುವ ಪ್ರಯೋಜನವು ಅತ್ಯಲ್ಪ. ಸಂಕೇತವನ್ನು ಓದಬಲ್ಲವರಿಲ್ಲದ ಊರಿನಲ್ಲಿ ಹುಂಡಿಯು ಬರಿಯ ಕಾಗದವಷ್ಟೆ.