ಆಂಗ್ಲಿಕನ್ ಒಡಕಿನ ಚರಿತ್ರೆಯಲ್ಲಿ ದಕ್ಷಿಣ ಭಾರತದ ಪ್ರಕರಣ

1930ರಲ್ಲಿ ಲಂಡನ್ನಿನ ಲ್ಯಾಂಬೆತ್ ಅರಮನೆಯಲ್ಲಿ ನೆರೆದ ಆಂಗ್ಲಿಕನ್ ಬಿಷಪ್ಪರು ಒಂದೇ ಸಮ್ಮೇಳನದಲ್ಲಿ ಎರಡು ನಿರ್ಣಯಗಳನ್ನು ಅಂಗೀಕರಿಸಿದರು. 49ನೆಯ ನಿರ್ಣಯ ಆಂಗ್ಲಿಕನ್ ಕಮ್ಯುನಿಯನ್ ಎಂದರೆ ಏನೆಂದು ಹೇಳಿತು. ಕ್ಯಾಂಟರ್ಬರಿ ಪೀಠದೊಡನೆ ಅನ್ಯೋನ್ಯತೆಯಲ್ಲಿರುವ ಸಭಾಪ್ರಾಂತಗಳ ಮತ್ತು ಪ್ರಾದೇಶಿಕ ಸಭೆಗಳ ಸಹವಾಸ ಎಂಬುದು ಆ ಲಕ್ಷಣದ ತಿರುಳು. 40ನೆಯ ನಿರ್ಣಯ ದಕ್ಷಿಣ ಭಾರತದ ಸಭೆಗಳು ಒಂದಾಗಲು ಹಾಕಿಕೊಂಡಿದ್ದ ಯೋಜನೆಗೆ ಶುಭ ಕೋರಿತು. ಈ ಎರಡು ನಿರ್ಣಯಗಳು ಒಂದು ದಿನ ಪರಸ್ಪರ ಡಿಕ್ಕಿ ಹೊಡೆಯಲಿದ್ದವು. ಹದಿನೇಳು ವರ್ಷಗಳ ಬಳಿಕ, ಒಂದು ನಿರ್ಣಯದ ಹಾರೈಕೆಯಿಂದ ಹುಟ್ಟಿದ ಸಭೆ ಇನ್ನೊಂದರ ಲಕ್ಷಣದ ಪ್ರಕಾರ ಹೊರಗುಳಿಯಿತು.

ಆಂಗ್ಲಿಕನ್ ಒಡಕಿನ ಕಥೆಯನ್ನು ಈಗ ಸಾಮಾನ್ಯವಾಗಿ 2003ರಿಂದ ಆರಂಭಿಸುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ, ತಾನು ಸಲಿಂಗ ಸಂಬಂಧದಲ್ಲಿರುವುದಾಗಿ ಬಹಿರಂಗವಾಗಿ ಹೇಳಿದ್ದ ಜೀನ್ ರಾಬಿನ್ಸನ್ ಆ ವರ್ಷ ಬಿಷಪ್ಪರಾದರು. ಅಲ್ಲಿಂದ ಬಿರುಕು ಬೆಳೆಯಿತು ಎಂಬುದು ಆ ಕಥೆಯ ಸಾರ. ಘಟನೆ ನಿಜ. ಆದರೆ ಅದನ್ನು ಆರಂಭವೆಂದು ಹಿಡಿದರೆ ಜಗಳ ಲೈಂಗಿಕತೆಯದ್ದಾಗಿ ಮಾತ್ರ ಕಾಣುತ್ತದೆ. ಜಗಳದ ಬೇರು ಅದಕ್ಕಿಂತ ಹಳೆಯದು, ಆಳದ್ದು. ಪೋಪ್ ಇಲ್ಲದ ಸಭೆಯಲ್ಲಿ ಒಂದು ಬೋಧನೆ ಮೇರೆ ಮೀರಿತು ಎಂದು ತೀರ್ಮಾನಿಸುವವರು ಯಾರು? ತೀರ್ಮಾನ ಆಗುವವರೆಗಿನ ಹೊರೆ ಯಾರ ಹೆಗಲಿಗೆ? ಎರಡನೆಯ ಪ್ರಶ್ನೆಯನ್ನು ಆಂಗ್ಲಿಕನ್ ಇತಿಹಾಸಕಾರರು ಹೆಚ್ಚು ಕೇಳಿಲ್ಲ. ದಕ್ಷಿಣ ಭಾರತದ ಪ್ರಕರಣವನ್ನು ನಾನು ಇಲ್ಲಿ ಎತ್ತಿಕೊಂಡಿರುವುದು ಆ ಕಾರಣಕ್ಕೆ.

ಮೊದಲ ಪ್ರಶ್ನೆ ತಲೆ ಎತ್ತಿದ್ದು ದಕ್ಷಿಣ ಆಫ್ರಿಕದಲ್ಲಿ. ನಟಾಲಿನ ಬಿಷಪ್ ಜಾನ್ ವಿಲಿಯಂ ಕೊಲೆನ್ಸೊ 1862ರಿಂದ ಬೈಬಲಿನ ಮೊದಲ ಐದು ಗ್ರಂಥಗಳ ಐತಿಹಾಸಿಕತೆಯನ್ನು ಪ್ರಶ್ನಿಸುವ ಸಂಪುಟಗಳನ್ನು ಪ್ರಕಟಿಸತೊಡಗಿದರು. ಅನುವಾದದಲ್ಲಿ ಅವರಿಗೆ ನೆರವಾಗುತ್ತಿದ್ದ ಜುಲು ಸಹಾಯಕ ವಿಲಿಯಂ ಎನ್‌ಗಿಡಿ ಜಲಪ್ರಳಯದ ಕಥೆ ನಿಜವೇ ಎಂದು ಕೇಳಿದ್ದು ಆ ಕೆಲಸಕ್ಕೆ ಪ್ರೇರಣೆಗಳಲ್ಲಿ ಒಂದು. ಕೇಪ್‌ಟೌನಿನ ಮೆಟ್ರೊಪಾಲಿಟನ್ ರಾಬರ್ಟ್ ಗ್ರೇ 1863ರಲ್ಲಿ ವಿಚಾರಣೆ ನಡೆಸಿ ಕೊಲೆನ್ಸೊರನ್ನು ಪದಚ್ಯುತಗೊಳಿಸಿದರು. 1865ರಲ್ಲಿ ಬ್ರಿಟನ್ನಿನ ಪ್ರಿವಿ ಕೌನ್ಸಿಲ್ ಗ್ರೇಗೆ ಅಂಥ ಅಧಿಕಾರವೇ ಇಲ್ಲ ಎಂದಿತು. ಗೊಂದಲಕ್ಕೆ ದಾರಿ ಹುಡುಕಲು ಆರ್ಚ್‌ಬಿಷಪ್ ಚಾರ್ಲ್ಸ್ ಲಾಂಗ್ಲಿ 1867ರಲ್ಲಿ ಮೊದಲ ಲ್ಯಾಂಬೆತ್ ಸಮ್ಮೇಳನ ಕರೆದರು. ಬಂದವರು 76 ಬಿಷಪ್ಪರು. ಅದು ಶಾಸನ ಮಾಡುವ ಸಭೆಯಾಗಿಬಿಡಬಹುದೆಂಬ ಅಂಜಿಕೆಯಿಂದ ಯಾರ್ಕಿನ ಆರ್ಚ್‌ಬಿಷಪ್ಪರೇ ಬರಲಿಲ್ಲ. ಹೀಗೆ ಹುಟ್ಟಿದಂದಿನಿಂದಲೇ ಲ್ಯಾಂಬೆತ್ ಸಲಹೆ ಕೊಡುವ ವೇದಿಕೆ. ಅದರ ಮಾತು ಯಾವ ಪ್ರಾಂತವನ್ನೂ, ಅಂದರೆ ಹಲವು ಸಭಾಪ್ರಾಂತಗಳು ಸೇರಿದ ಯಾವ ಸ್ವಾಯತ್ತ ಸಭೆಯನ್ನೂ, ಕಟ್ಟಿಹಾಕದು. ಕೊಲೆನ್ಸೊ 1883ರಲ್ಲಿ ತೀರಿಕೊಳ್ಳುವವರೆಗೂ ತಮ್ಮನ್ನು ಬಿಷಪ್ ಎಂದೇ ಎಣಿಸಿದರು. ಬಹುಪತ್ನಿಯರಿರುವ ಗಂಡಸು ಹೆಂಡಿರನ್ನು ಕೈಬಿಡದೆಯೇ ದೀಕ್ಷಾಸ್ನಾನ ಪಡೆಯಬಹುದು ಎಂಬ ಅವರ ನಿಲುವನ್ನು 1888ರ ಲ್ಯಾಂಬೆತ್ ಒಪ್ಪಲಿಲ್ಲ. 1988ರ ಲ್ಯಾಂಬೆತ್ ಷರತ್ತುಗಳೊಡನೆ ಒಪ್ಪಿತು. ನಡುವಿನ ನೂರು ವರ್ಷ ಆಫ್ರಿಕದ ಎಷ್ಟು ಮನೆಗಳಲ್ಲಿ ಹೆಂಗಸರು ಬೀದಿಗೆ ಬಿದ್ದಿರಬಹುದು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಇನ್ನು ದಕ್ಷಿಣ ಭಾರತ. 1919ರ ಮೇ ತಿಂಗಳ ಮೊದಲ ದಿನಗಳಲ್ಲಿ, ಹಿಂದೆ ಲೂಥರನ್ ಮಿಷನರಿಗಳು ಕಾಲಿಟ್ಟ ಟ್ರಾಂಕ್ವಿಬಾರಿನಲ್ಲಿ, 33 ಮಂದಿ ಪಾದ್ರಿಗಳು ಸೇರಿದರು. ಇಬ್ಬರ ಹೊರತು ಎಲ್ಲರೂ ಭಾರತೀಯರು. ಮುಂದಾಳು ವೇದನಾಯಗಂ ಸಾಮ್ಯುಯೆಲ್ ಅಜರಯ್ಯ. 1912ರಲ್ಲಿ ದೋರ್ನಕಲ್‌ನ ಬಿಷಪ್ಪರಾದ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಯುರೋಪಿನ ಹಳೆಯ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ನಮ್ಮ ಮೇಲೆ ಹೇರಲಾಗಿದೆ, ಅವುಗಳಿಗೆ ನಾವು ಹೊಣೆಗಾರರಲ್ಲ ಎಂಬುದು ಅಲ್ಲಿ ಸೇರಿದವರ ಘೋಷಣೆಯ ಧಾಟಿ. ಸಣ್ಣ ಅಲ್ಪಸಂಖ್ಯಾತ ಸಮುದಾಯವೊಂದು ಒಂದೇ ಊರಿನಲ್ಲಿ ಮೂರು ದೇವಾಲಯ ಕಟ್ಟಿ, ಒಬ್ಬರ ಪಂಕ್ತಿಯಲ್ಲಿ ಇನ್ನೊಬ್ಬರು ಕರ್ತನ ಭೋಜನ ತೆಗೆದುಕೊಳ್ಳಲಾಗದಂತೆ ಬದುಕುವುದು ಅವರಿಗೆ ಸಾಕಾಗಿತ್ತು. ಪಂಕ್ತಿಭೇದವೆಂದರೆ ಏನೆಂದು ಈ ನೆಲದಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಮಾತುಕತೆ ಇಪ್ಪತ್ತೆಂಟು ವರ್ಷ ನಡೆಯಿತು. ತೊಡಕಾದದ್ದು ಬಿಷಪ್ ಪದವಿ. ಲ್ಯಾಂಬೆತ್ 1888ರಲ್ಲಿ ಸಭೈಕ್ಯಕ್ಕೆ ನಾಲ್ಕು ಆಧಾರಗಳನ್ನು ಹೇಳಿತ್ತು: ಪವಿತ್ರಗ್ರಂಥ, ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನವೆಂಬ ಎರಡು ಸಂಸ್ಕಾರಗಳು, ಐತಿಹಾಸಿಕ ಬಿಷಪ್ ಪದವಿ. ನಾಲ್ಕನೆಯದು ಆಯಾ ನಾಡಿಗೆ ತಕ್ಕಂತೆ ಹೊಂದಿಕೊಳ್ಳಬಹುದು ಎಂಬ ಸಡಿಲಿಕೆಯೂ ಇತ್ತು. ಎಷ್ಟು ಹೊಂದಿಕೊಳ್ಳಬಹುದು? ಆಂಗ್ಲಿಕನರಲ್ಲೇ ಕ್ಯಾಥೊಲಿಕ್ ಪರಂಪರೆಗೆ ಒತ್ತು ಕೊಡುವ ಆಂಗ್ಲೊ-ಕ್ಯಾಥೊಲಿಕರಿಗೆ ಬಿಷಪ್ ಪದವಿ ಸಭೆಯ ಇರವಿಗೇ ಸೇರಿದ್ದು. ಅದಿಲ್ಲದಿದ್ದರೆ ಸಭೆಯೇ ಇಲ್ಲ. ಎದುರು ಪಕ್ಷದವರಿಗೆ ಅದು ಸಭೆಯ ಕ್ಷೇಮಕ್ಕೆ ಸೇರಿದ್ದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಸಭೆ ಸಭೆಯೇ. ಕನ್ನಡ ಬೈಬಲ್ ಬಿಷಪ್ ಎಂಬುದಕ್ಕೆ ಮೂಲವಾದ ಗ್ರೀಕ್ ಪದವನ್ನು 'ಸಭಾಧ್ಯಕ್ಷ' ಎಂದು ಕನ್ನಡಿಸಿದೆ. ಅಧ್ಯಕ್ಷನೆಂದರೆ ಮೇಲ್ವಿಚಾರಣೆ ನೋಡುವವನು. ಆ ಪದದಲ್ಲಿ ವಂಶಾವಳಿಯ ಸುಳಿವಿಲ್ಲ. ಆಂಗ್ಲೊ-ಕ್ಯಾಥೊಲಿಕ್ ವಾದಕ್ಕಾದರೋ ವಂಶಾವಳಿಯೇ ಮುಖ್ಯ. ಅಪೊಸ್ತಲರ ಕೈಯಿಂದ ಕೈಗೆ ತಪ್ಪದೆ ಬಂದ ಹಸ್ತಾರ್ಪಣೆ ಇಲ್ಲದ ಪಾದ್ರಿ ನಡೆಸುವ ಕರ್ತನ ಭೋಜನ ಊರ್ಜಿತವಲ್ಲ.

ಈ ವಾದದ ತೂಕ ತಿಳಿಯಲು ನಮ್ಮ ಕಡೆ ನೋಡಬೇಕು. ಹಳೆಯ ಮೈಸೂರು ಸೀಮೆಯ ಕನ್ನಡ ಪ್ರಾಟೆಸ್ಟಂಟ್ ಸಭೆಗಳಲ್ಲಿ ಬಹುಪಾಲು ವೆಸ್ಲಿಯನ್ ಮೆಥಡಿಸ್ಟರವು, ಅವರಿಗೆ ಬಿಷಪ್ಪರಿರಲಿಲ್ಲ. ಮಂಗಳೂರು, ಧಾರವಾಡ ಕಡೆಯ ಬಾಸೆಲ್ ಮಿಷನ್ ಸಭೆಗಳಿಗೂ ಇರಲಿಲ್ಲ. 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟ ಕಿಟೆಲ್ ಆ ಮಿಷನ್ನಿನವರು. ಕಟ್ಟಾ ಆಂಗ್ಲೊ-ಕ್ಯಾಥೊಲಿಕ್ ಅಳತೆಯಲ್ಲಿ ಈ ಪಾದ್ರಿಗಳ ಬದುಕಿನುದ್ದದ ಸೇವೆ ಗೌರವಾರ್ಹ, ಅವರ ಪದವಿ ಮಾತ್ರ ಅಸಿಂಧು. ಬೆಂಗಳೂರಿನ ದಂಡುಪ್ರದೇಶದಲ್ಲಿ ಸೇಂಟ್ ಮಾರ್ಕ್ಸ್‌ನಂಥ ಆಂಗ್ಲಿಕನ್ ದೇವಾಲಯಗಳು ಇದ್ದವು. ಅಲ್ಲಿನ ಪಾದ್ರಿಗಳ ಪದವಿ ಸಿಂಧು. ಇಬ್ಬರೂ ಒಂದಾಗುವಾಗ ಮೆಥಡಿಸ್ಟ್ ಪಾದ್ರಿಯ ತಲೆಯ ಮೇಲೆ ಬಿಷಪ್ ಮತ್ತೆ ಕೈಯಿಡಬೇಕೇ ಎಂಬುದು ಪ್ರಶ್ನೆ. ಇಟ್ಟರೆ ಹಿಂದಿನ ಸೇವೆಯೆಲ್ಲ ಸುಳ್ಳೆಂದು ಒಪ್ಪಿಕೊಂಡಂತೆ.

ದಕ್ಷಿಣ ಭಾರತದವರು ಕಂಡುಕೊಂಡ ಪರಿಹಾರ ಸರಳವಾಗಿತ್ತು. ಇರುವ ಪಾದ್ರಿಗಳನ್ನೆಲ್ಲ ಮರುದೀಕ್ಷೆಯಿಲ್ಲದೆ ಒಪ್ಪಿಕೊಳ್ಳುವುದು. ಮುಂದಿನ ದೀಕ್ಷೆಗಳನ್ನೆಲ್ಲ ಬಿಷಪ್ಪರೇ ಕೊಡುವುದು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನು ಹೇರುವುದಿಲ್ಲವೆಂದು ಪರಸ್ಪರ ವಚನ ಕೊಡುವುದು. ಮೂವತ್ತು ವರ್ಷ ಕಳೆದ ಮೇಲೆ ಉಳಿದ ಅಪವಾದಗಳ ಬಗ್ಗೆ ಯೋಚಿಸುವುದು. ಒಂದು ತಲೆಮಾರು ಮುಗಿಯುವಷ್ಟರಲ್ಲಿ ಎರಡು ಹೊಳೆಗಳು ತಾವಾಗಿ ಬೆರೆಯುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ಅದೇ ತಿಂಗಳು ಅವರ ಆಂಗ್ಲಿಕನ್ ಪ್ರಾಂತದ ಮಹಾಸಭೆ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬದುಕನ್ನೇ ತೇಯ್ದ ಕೆಲಸದ ಫಲವನ್ನು ಅವರು ಕಾಣಲಿಲ್ಲ.

ಇಂಗ್ಲೆಂಡಿನಲ್ಲಿ ವಿರೋಧ ಕಾವೇರಿತು. ಕವಿ ಟಿ. ಎಸ್. ಎಲಿಯಟ್ 1943ರಲ್ಲಿ, ಇದು ಸಭೆಯನ್ನು ಕೆಡವಿ ಕಟ್ಟುವ ಐಕ್ಯ ಎಂಬರ್ಥದ ಶೀರ್ಷಿಕೆಯ ಕಿರುಹೊತ್ತಗೆಯನ್ನೇ ಬರೆದರು. 1946ರಲ್ಲಿ ಆಕ್ಸ್‌ಫರ್ಡಿನ ಬಿಷಪ್ ಕೆನೆತ್ ಕರ್ಕ್ ಸಂಪಾದಿಸಿದ 'ದಿ ಅಪೊಸ್ಟಾಲಿಕ್ ಮಿನಿಸ್ಟ್ರಿ' ಹೊರಬಂತು. ಅದರಲ್ಲಿ ಗ್ರೆಗರಿ ಡಿಕ್ಸ್ ಯೆಹೂದಿ ಸಂಪ್ರದಾಯದ 'ಶಾಲಿಯಾಖ್' ಎಂಬ ಪರಿಕಲ್ಪನೆಯನ್ನು ಆಧಾರವಾಗಿಟ್ಟುಕೊಂಡರು. ಕಳುಹಿಸಿದವನ ಪೂರ್ಣಾಧಿಕಾರ ಹೊತ್ತ ಪ್ರತಿನಿಧಿ ಎಂಬುದು ಆ ಪದದ ಅರ್ಥ. ಅಪೊಸ್ತಲರು ಅಂಥವರು, ಬಿಷಪ್ಪರು ಅವರ ಉತ್ತರಾಧಿಕಾರಿಗಳು ಎಂಬುದು ವಾದ. ಪಾಂಡಿತ್ಯ ದೊಡ್ಡದು. ಆದರೆ ಯೆಹೂದಿ ಪ್ರತಿನಿಧಿ ತನ್ನ ಅಧಿಕಾರವನ್ನು ಇನ್ನೊಬ್ಬನಿಗೆ ವಂಶಪಾರಂಪರ್ಯವಾಗಿ ದಾಟಿಸುತ್ತಿದ್ದ ಎಂಬುದಕ್ಕೆ ಆಧಾರ ಸಾಲದು ಎಂಬ ಆಕ್ಷೇಪಕ್ಕೆ ಆ ಗ್ರಂಥದಲ್ಲಿ ತೃಪ್ತಿಕರ ಉತ್ತರ ಸಿಗುವುದಿಲ್ಲ. ನನ್ನ ಓದಿನಲ್ಲಿ ಅದರ ಅತಿ ದುರ್ಬಲ ಕೊಂಡಿ ಅದೇ.

1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತು, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಉದಯಿಸಿತು. ನಾಲ್ಕು ಆಂಗ್ಲಿಕನ್ ಸಭಾಪ್ರಾಂತಗಳು, ಮೆಥಡಿಸ್ಟರು, ಮತ್ತು ಪ್ರೆಸ್ಬಿಟೇರಿಯನ್ ಹಾಗೂ ಕಾಂಗ್ರಿಗೇಷನಲ್ ಮೂಲದ ಸಂಯುಕ್ತ ಸಭೆ ಒಂದಾದವು. ಹೊಸದಾಗಿ ಅಭಿಷಿಕ್ತರಾದ ಒಂಬತ್ತು ಬಿಷಪ್ಪರಲ್ಲಿ ಒಬ್ಬರು ಮೈಸೂರಿನ ಪಿ. ಗುರುಶಾಂತ. ಬಿಷಪ್ಪರನ್ನೇ ಕಾಣದಿದ್ದ ಕನ್ನಡ ಸಭೆಗಳಿಗೆ ಕನ್ನಡದ ಹೆಸರಿನ ಬಿಷಪ್ ಬಂದರು. ಬಾಸೆಲ್ ಮಿಷನ್ ಪರಂಪರೆಯ ಅನೇಕ ಸಭೆಗಳು ಮುಂದೆ ಇದರಲ್ಲಿ ಕೂಡಿಕೊಂಡವು. 1970ರಲ್ಲಿ ಮೈಸೂರು ಸಭಾಪ್ರಾಂತ ಮಧ್ಯ, ದಕ್ಷಿಣ, ಉತ್ತರ ಎಂದು ಮೂರಾಯಿತು.

ಈ ಐಕ್ಯಕ್ಕೆ ಬೆಲೆ ತೆತ್ತವರು ದಕ್ಷಿಣ ಭಾರತದವರೇ. ಐಕ್ಯಕ್ಕೆ ಸೇರಿದ ನಾಲ್ಕು ಆಂಗ್ಲಿಕನ್ ಸಭಾಪ್ರಾಂತಗಳು ಆಂಗ್ಲಿಕನ್ ಕಮ್ಯುನಿಯನ್ನಿನ ಸದಸ್ಯತ್ವ ಕಳೆದುಕೊಂಡವು. ದಶಕಗಳಿಂದ ನೆರವು ಕೊಡುತ್ತಿದ್ದ ಆಂಗ್ಲಿಕನ್ ಮಿಷನರಿ ಬಳಗವಾದ ಎಸ್‌ಪಿಜಿ ಸಂಸ್ಥೆ ತನ್ನ ಸಾಮಾನ್ಯ ನಿಧಿಯನ್ನು ಹೊಸ ಸಭೆಗೆ ಮುಚ್ಚಿ ಬೇರೆ ನಿಧಿ ತೆರೆಯಿತು. 1948ರ ಲ್ಯಾಂಬೆತ್‌ನಲ್ಲಿ ಸಿಎಸ್‌ಐ ದೀಕ್ಷೆಗಳನ್ನು ಒಪ್ಪಬೇಕೇ ಎಂಬ ಬಗ್ಗೆ ಬಿಷಪ್ಪರು ಇಬ್ಭಾಗವಾದರು. 1955ರಲ್ಲಿ ಕ್ಯಾಂಟರ್ಬರಿ ಮತ್ತು ಯಾರ್ಕಿನ ಧರ್ಮಸಭೆಗಳು ಸಿಎಸ್‌ಐನಲ್ಲಿ ಬಿಷಪ್ಪರಿಂದ ದೀಕ್ಷೆ ಪಡೆದವರ ಪದವಿ ಸಿಂಧು ಎಂದವು. ಪೂರ್ಣ ಸದಸ್ಯತ್ವ ಸಿಗಲು 1980ರ ದಶಕದ ಕೊನೆಯವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸಿಎಸ್‌ಐ 1950ರಲ್ಲಿ ರೂಪಿಸಿದ ಕರ್ತನ ಭೋಜನದ ಆರಾಧನಾ ಕ್ರಮವನ್ನು, ಪಕ್ಕದವರ ಕೈಗೆ ಕೈಯಿತ್ತು ಸಮಾಧಾನ ಹಂಚುವ ಪದ್ಧತಿಯನ್ನು, ಪಶ್ಚಿಮದ ಆಂಗ್ಲಿಕನರೇ ಅನುಸರಿಸತೊಡಗಿದ್ದರು. ಸಭೆಯ ಪೂಜೆ ಒಪ್ಪಿತ, ಪೂಜಿಸುವ ಸಭೆ ಹೊರಗೆ.

1947ರಲ್ಲಿ ತಾಳ್ಮೆ ಫಲಿಸಿತು, ಈಗಲೂ ಫಲಿಸುತ್ತದೆ ಎನ್ನುವವರಿಗೆ ಈ ನಲವತ್ತು ವರ್ಷಗಳ ಲೆಕ್ಕವನ್ನು ತೋರಿಸಬೇಕು. ತಾಳಿಕೊಂಡವರು ತೀರ್ಪು ಕೊಡುವ ಅಧಿಕಾರವಿಲ್ಲದವರು.

ಈಗಿನ ವಿವಾದದಲ್ಲಿ ಬಲಾಬಲ ತಿರುವುಮುರುವಾಗಿದೆ. 1998ರ ಲ್ಯಾಂಬೆತ್, ಸಲಿಂಗ ಸಂಬಂಧಗಳು ಪವಿತ್ರಗ್ರಂಥಕ್ಕೆ ಹೊಂದುವುದಿಲ್ಲ ಎಂಬ ನಿರ್ಣಯವನ್ನು 526ಕ್ಕೆ 70 ಮತಗಳಿಂದ ಅಂಗೀಕರಿಸಿತು. 45 ಮಂದಿ ತಟಸ್ಥರು. ಆಫ್ರಿಕ, ಏಷ್ಯಾದ ಬಿಷಪ್ಪರ ಸಂಖ್ಯಾಬಲ ಅಲ್ಲಿ ಮೊದಲ ಸಲ ಎದ್ದುಕಂಡಿತು. ಆದರೂ ನಿರ್ಣಯ ಯಾರನ್ನೂ ಕಟ್ಟಿಹಾಕಲಿಲ್ಲ, ಕೊಲೆನ್ಸೊ ಕಾಲದಲ್ಲಿದ್ದಂತೆಯೇ. 2004ರ ವಿಂಡ್ಸರ್ ವರದಿ ಪ್ರಾಂತಗಳೆಲ್ಲ ಒಂದು ಒಡಂಬಡಿಕೆಗೆ ಬರಲಿ ಎಂದಿತು. ಆ ಒಡಂಬಡಿಕೆಯನ್ನು 2012ರಲ್ಲಿ ಇಂಗ್ಲೆಂಡಿನ ಸಭಾಪ್ರಾಂತಗಳೇ ತಿರಸ್ಕರಿಸಿದವು. 2008ರಲ್ಲಿ ಜೆರೂಸಲೇಮಿನಲ್ಲಿ ಸಂಪ್ರದಾಯನಿಷ್ಠ ಆಂಗ್ಲಿಕನರ ಒಕ್ಕೂಟವಾದ ಗ್ಯಾಫ್ಕಾನ್ ಹುಟ್ಟಿಕೊಂಡಿತು. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಮಹಾಸಭೆ ಸಲಿಂಗ ಜೋಡಿಗಳಿಗೆ ಆಶೀರ್ವಾದದ ಪ್ರಾರ್ಥನೆಗಳನ್ನು ಸ್ವಾಗತಿಸಿತು. ಏಪ್ರಿಲ್‌ನಲ್ಲಿ ಕಿಗಾಲಿಯಲ್ಲಿ ಸೇರಿದ ಗ್ಯಾಫ್ಕಾನ್ ಕ್ಯಾಂಟರ್ಬರಿಯ ಹಿರಿತನವನ್ನು ಇನ್ನು ಒಪ್ಪಲಾಗದು ಎಂದಿತು. 2025ರ ಅಕ್ಟೋಬರ್‌ನಲ್ಲಿ ಸಾರಾ ಮುಲ್ಲಲ್ಲಿ ಕ್ಯಾಂಟರ್ಬರಿಯ ಮೊದಲ ಮಹಿಳಾ ಆರ್ಚ್‌ಬಿಷಪ್ ಆಗಿ ನಿಯುಕ್ತರಾದರು. ಅದೇ ತಿಂಗಳು, ರುವಾಂಡಾದ ಆರ್ಚ್‌ಬಿಷಪ್ ಲೋರಾನ್ ಎಂಬಂಡಾ ನೇತೃತ್ವದ ಗ್ಯಾಫ್ಕಾನ್, ನಿಜವಾದ ಆಂಗ್ಲಿಕನ್ ಕಮ್ಯುನಿಯನ್ ನಾವೇ, ಅದರ ಏಕೈಕ ಆಧಾರ ಬೈಬಲ್ ಎಂದು ಸಾರಿತು. 1930ರ ಲಕ್ಷಣದಲ್ಲಿರುವ 'ಕ್ಯಾಂಟರ್ಬರಿಯೊಡನೆ ಅನ್ಯೋನ್ಯತೆ'ಯನ್ನು 'ಕ್ಯಾಂಟರ್ಬರಿಯೊಡನೆ ಐತಿಹಾಸಿಕ ನಂಟು' ಎಂದು ಬದಲಿಸಬೇಕೆಂಬ ಪ್ರಸ್ತಾಪ ಕಮ್ಯುನಿಯನ್ನಿನ ಅಧಿಕೃತ ಆಯೋಗದಿಂದಲೂ 2024ರ ಡಿಸೆಂಬರ್‌ನಲ್ಲಿ ಬಂದಿದೆ.

ಎರಡು ವಿವಾದಗಳ ನಡುವಿನ ಮುಖ್ಯ ವ್ಯತ್ಯಾಸ ವಿಷಯದ್ದಲ್ಲ ಎಂಬುದು ನನ್ನ ವಾದ. ಬಿಷಪ್ ಪದವಿಯ ಬಗ್ಗೆ ಕರ್ಕ್ ಮತ್ತು ಎಲಿಯಟ್ ಎಷ್ಟು ಗಾಢವಾಗಿ ನಂಬಿದ್ದರೋ ವಿವಾಹದ ಬಗ್ಗೆ ಗ್ಯಾಫ್ಕಾನ್ ಅಷ್ಟೇ ಗಾಢವಾಗಿ ನಂಬಿದೆ; ಸಲಿಂಗ ದಂಪತಿಗಳ ಪರ ನಿಂತವರ ನಂಬಿಕೆಯೂ ಅಷ್ಟೇ ಪ್ರಾಮಾಣಿಕ. ವ್ಯತ್ಯಾಸ ಇರುವುದು ಕಾಯುವ ಬಗೆಯಲ್ಲಿ. ದಕ್ಷಿಣ ಭಾರತದ ಯೋಜನೆಯಲ್ಲಿ ಕಾಯುವ ಅವಧಿಗೆ ಒಂದು ಎಲ್ಲೆ ಇತ್ತು, ದುರ್ಬಲರ ಮನಸ್ಸಾಕ್ಷಿಗೆ ಬರೆದುಕೊಟ್ಟ ವಚನವಿತ್ತು. ವಿಂಡ್ಸರ್‌ನಿಂದ ಈಚಿನ ಯಾವ ಪತ್ರದಲ್ಲೂ ಇವೆರಡೂ ಒಟ್ಟಿಗೆ ಕಾಣುವುದಿಲ್ಲ.

ಒಂದು ಊರಿನ ವಿಷಯ ಉಳಿದಿದೆ. ಇಂದಿನ ಆಂಧ್ರಪ್ರದೇಶದ ನಂದ್ಯಾಲದ ಅನೇಕ ಆಂಗ್ಲಿಕನರು 1947ರಲ್ಲಿ ಸಿಎಸ್‌ಐ ಸೇರಲು ಒಪ್ಪಲಿಲ್ಲ. ಅಪೊಸ್ತಲ ಪರಂಪರೆ ಕೆಡುತ್ತದೆ ಎಂಬ ಅಂಜಿಕೆಯ ಜೊತೆಗೆ ಎಸ್‌ಪಿಜಿಯೊಂದಿಗಿನ ಹಳೆಯ ನಂಟೂ ಅವರನ್ನು ಹಿಡಿದಿತ್ತು. ಹಳೆಯ ಪ್ರಾಂತದಲ್ಲೇ ಉಳಿದ ಅವರು 1963ರಲ್ಲಿ ಪ್ರತ್ಯೇಕ ಸಭಾಪ್ರಾಂತವಾದರು. ಯಾರೂ ಅವರನ್ನು ಎಳೆದುತರಲಿಲ್ಲ. 1975ರಲ್ಲಿ, ಮೂವತ್ತು ವರ್ಷದ ಅವಧಿ ಮುಗಿಯಲು ಎರಡು ವರ್ಷ ಇರುವಾಗ, ನಂದ್ಯಾಲ ಸಿಎಸ್‌ಐ ಸೇರಿತು. ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಇ. ಪುಷ್ಪಲಲಿತಾ 2013ರಲ್ಲಿ ಅಭಿಷಿಕ್ತರಾದದ್ದು ಅದೇ ನಂದ್ಯಾಲಕ್ಕೆ.