ಬಾಂಬೆಯಿಂದ ಹೋದ ಒಂದು ಪೇಪರ್

ಸ್ಟೀಲ್ ಲೋಟದ ಕಾಫಿ ಬೆರಳು ಸುಡುತ್ತಲ್ಲ, ಆ ‘ಬಿಸಿ’ ಅಂದ್ರೆ ಏನು? 1845ರಲ್ಲಿ ಕೇಳಿದ್ದರೆ ದೊಡ್ಡ ದೊಡ್ಡ ಪಂಡಿತರೇ ‘ಕ್ಯಾಲೊರಿಕ್’ ಅನ್ನುತ್ತಿದ್ದರು. ತೂಕವಿಲ್ಲದ, ಕಣ್ಣಿಗೆ ಕಾಣದ ಒಂದು ದ್ರವ. ಬಿಸಿ ವಸ್ತುವಿನಿಂದ ತಣ್ಣಗಿರುವುದಕ್ಕೆ ಹರಿಯುತ್ತದೆ ಅಂತ.

ಅದೇ ಡಿಸೆಂಬರಿನಲ್ಲಿ ಬಾಂಬೆಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪೇಪರ್ ಹೋಯಿತು. ಬರೆದವರು ಜಾನ್ ಜೇಮ್ಸ್ ವಾಟರ್‌ಸ್ಟನ್, ಸ್ಕಾಟ್ಲೆಂಡಿನ ಇಂಜಿನಿಯರ್. ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಬಾಂಬೆಯಲ್ಲಿ ಮೇಷ್ಟ್ರು. ಅವರ ಲೆಕ್ಕ ಇಷ್ಟು: ಅನಿಲದ ಕಣಗಳು ದಿಕ್ಕೆಟ್ಟು ಓಡಾಡುತ್ತಲೇ ಇರುತ್ತವೆ. ಪಾತ್ರೆಯ ಗೋಡೆಗೆ ಅವು ಕೊಡುವ ಗುದ್ದುಗಳೇ ಒತ್ತಡ. ತಾಪಮಾನ ಅನ್ನುವುದು ಆ ಕಣಗಳ ವೇಗದ ವರ್ಗದ ಸರಾಸರಿಗೆ ತಕ್ಕಂತೆ ಏರಿಳಿಯುತ್ತದೆ. ಎರಡು ಅನಿಲ ಬೆರೆಸಿದರೆ ಭಾರದ ಕಣ ನಿಧಾನ, ಹಗುರದ್ದು ಜೋರು.

ಓಡಿ ಓಡಿ ಸುಸ್ತಾಗಲ್ವಾ? ನೆಲಕ್ಕೆ ಬಿದ್ದ ಚೆಂಡು ನಾಲ್ಕು ಸಲ ಪುಟಿದು ನಿಲ್ಲುತ್ತದೆ. ಅದರ ಚಲನೆ ಎಲ್ಲಿಗೆ ಹೋಯಿತು? ಚೆಂಡು ಮತ್ತು ನೆಲದ ಪರಮಾಣುಗಳಿಗೆ ಹಂಚಿಹೋಯಿತು. ಎರಡೂ ಒಂಚೂರು ಬಿಸಿಯಾದವು. ಆದರೆ ಪರಮಾಣುಗಳು ತಮ್ಮ ಚಲನೆಯನ್ನು ಯಾರಿಗೆ ದಾಟಿಸಬೇಕು? ಪಕ್ಕದ ಪರಮಾಣುವಿಗೇ. ಹಾಗಾಗಿ ಒಟ್ಟು ಓಟ ನಿಲ್ಲುವುದಿಲ್ಲ. ನಿಮ್ಮ ರೂಮಿನ ಗಾಳಿಯ ಅಣುಗಳು ಈಗಲೂ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿವೆ. (ಮೈನಸ್ 273.15 ಡಿಗ್ರಿಯ ಹತ್ತಿರ ಹೋದರೂ ಕ್ವಾಂಟಮ್ ನಡುಕ ಉಳಿಯುತ್ತೆ. ಮಾಮೂಲಿ ಒತ್ತಡದಲ್ಲಿ ಹೀಲಿಯಂ ಗಟ್ಟಿಯಾಗದಿರುವುದು ಅದಕ್ಕೇ.)

ರಿವ್ಯೂ ಏನಾಯ್ತು? ಒಬ್ಬ ರೆಫರಿ ಇದು ಶುದ್ಧ ಅಸಂಬದ್ಧ, ಸಭೆಯಲ್ಲಿ ಓದಲೂ ಲಾಯಕ್ಕಿಲ್ಲ ಅಂತ ಬರೆದ. ಪೇಪರ್ ಅಚ್ಚಾಗಲಿಲ್ಲ. ವಾಪಸ್ಸೂ ಬರಲಿಲ್ಲ, ಯಾಕಂದ್ರೆ ಸೊಸೈಟಿಯ ನಿಯಮದ ಪ್ರಕಾರ ಅದು ಈಗ ಸೊಸೈಟಿಯ ಆಸ್ತಿ. ವಾಟರ್‌ಸ್ಟನ್ ಪ್ರತಿ ಇಟ್ಟುಕೊಂಡಿರಲಿಲ್ಲ. ಗಿಟ್ ಇಲ್ಲದ ಕಾಲ, ಪಾಪ. 1857ರಲ್ಲಿ ಕ್ಲಾಸಿಯಸ್, 1860ರಲ್ಲಿ ಮ್ಯಾಕ್ಸ್‌ವೆಲ್ ಇದೇ ದಾರಿಯಲ್ಲಿ ನಡೆದು ಹೆಸರಾದರು. 1883ರ ಜೂನ್ 18ರ ಸಂಜೆ ವಾಕಿಂಗ್ ಅಂತ ಮನೆಯಿಂದ ಹೊರಟ ವಾಟರ್‌ಸ್ಟನ್ ಮತ್ತೆ ಬರಲೇ ಇಲ್ಲ.

1891ರಲ್ಲಿ ಲಾರ್ಡ್ ರೇಲಿ ಸೊಸೈಟಿಯ ಕಡತಗಳಲ್ಲಿ ಆ ಪೇಪರ್ ಹುಡುಕಿ ತೆಗೆದರು, ಮರುವರ್ಷ ಅಚ್ಚು ಹಾಕಿಸಿದರು. ಜೊತೆಗೆ ಮುನ್ನುಡಿಯಲ್ಲಿ ಒಂದು ಕಿವಿಮಾತು: ಹೆಸರಿಲ್ಲದ ಲೇಖಕರು ಇಂಥ ಊಹಾತ್ಮಕ ಕೆಲಸವನ್ನು ವಿಜ್ಞಾನ ಸಂಸ್ಥೆಗಳಿಗಿಂತ ಬೇರೆ ದಾರಿಯಲ್ಲಿ ಹೊರತರುವುದು ಮೇಲು. ನನಗಂತೂ ಈ ಮಾತು ಹಿಡಿಸಲ್ಲ. ವಾಟರ್‌ಸ್ಟನ್ ಆ ದಾರಿಯನ್ನೂ ನೋಡಿದ್ದರು. ಇದೇ ವಿಚಾರದ ಎಳೆಯಿದ್ದ ಪುಸ್ತಕವೊಂದನ್ನು 1843ರಲ್ಲೇ ಹೆಸರು ಹಾಕದೆ ತಂದಿದ್ದರು. ಆಗಲೂ ಕೇಳಿಸಿಕೊಂಡವರಿರಲಿಲ್ಲ.