ನರ್ಸಿಂಗ್ ಆರಿಸಿಕೊಳ್ಳುವ ಮುನ್ನ

ಪಿಯುಸಿ ಮುಗಿದೊಡನೆ ನಮ್ಮ ಅನೇಕ ಕುಟುಂಬಗಳಲ್ಲಿ ನರ್ಸಿಂಗ್ ಮಾತು ಬರುತ್ತದೆ, ಅದರ ಹಿಂದೆಯೇ ವಿದೇಶದ ಸಂಬಳದ ಮಾತೂ. ಸಂಬಳ ನೋಡುವುದು ತಪ್ಪಲ್ಲ. ಆದರೆ ವಾರ್ಡಿನಲ್ಲಿ ಏನಿದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಚಾಮರಾಜನಗರ ಜಿಲ್ಲೆಯನ್ನೇ ನೋಡೋಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಗುಂಡ್ಲುಪೇಟೆ ಕಾಡಂಚಿನ ಜೇನುಕುರುಬರು ದೂರದ ಹಾಡಿಗಳಿಂದ ಆಸ್ಪತ್ರೆಗೆ ಬರುತ್ತಾರೆ. ಇಲ್ಲಿನ ಆದಿವಾಸಿಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಂಡುಬರುತ್ತದೆ. ಆ ರೋಗಿಗೆ ಮೂಳೆ, ಕೀಲುಗಳಲ್ಲಿ ತಡೆಯಲಾರದ ನೋವು. ಹೊರಗೆ ಗಾಯವಿಲ್ಲ, ಬಾವು ಸಹ ಇರದಿರಬಹುದು. ನೋವನ್ನು ನಂಬಿ, ತಡಮಾಡದೆ ವೈದ್ಯರಿಗೆ ತಿಳಿಸುವ ದಾದಿ ಅಲ್ಲಿ ಬೇಕು. ಕರುಣೆಯೆಂದರೆ ಬರೀ ಮೃದು ಮಾತಲ್ಲ.

ಧೈರ್ಯವೂ ಬೇಕು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆ ಉಂಟಾಯಿತು. 24 ಗಂಟೆಗಳಲ್ಲಿ 24 ರೋಗಿಗಳು ತೀರಿಕೊಂಡರು. ಅಂಥ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರೂ ದಾದಿಯರೇ.

ರಾತ್ರಿಪಾಳಿ, ಮಲಮೂತ್ರದ ಆರೈಕೆ, ಕೊಟ್ಟ ಮದ್ದನ್ನು ಸುಳ್ಳಿಲ್ಲದೆ ದಾಖಲಿಸುವ ಪ್ರಾಮಾಣಿಕತೆ, ಇವು ದಿನನಿತ್ಯದವು. ಗಂಡುಮಕ್ಕಳೂ ಈ ವೃತ್ತಿಗೆ ಬರಬಹುದು.

ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಪಿಯುಸಿಯಲ್ಲಿ ಜೀವಶಾಸ್ತ್ರ ಸಹಿತ ವಿಜ್ಞಾನ ಓದಿರಬೇಕು. ಜಿ.ಎನ್.ಎಂ. 3 ವರ್ಷ, ಕಲಾ ವಿಭಾಗದವರಿಗೂ ಅವಕಾಶವಿದೆ. ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿರಿ. ಮಾನ್ಯತೆ ಇಲ್ಲದಿದ್ದರೆ ನೋಂದಣಿ ಸಿಗದು, ಸರಕಾರಿ ಕೆಲಸವೂ ಸಿಗದು. ಮಧ್ಯವರ್ತಿಯ ಮಾತು ನಂಬಿ ಮೂಲ ಅಂಕಪಟ್ಟಿ ಕೊಡಬೇಡಿರಿ.